ಐದು ಕಿಲೋ ಎಳೆಯುವ ಬೆರಳು

ಗ್ಯಾಸ್ ತರುವವರು ಸಿಲಿಂಡರನ್ನು ಕೊಕ್ಕೆಗೆ ಸಿಕ್ಕಿಸಿ ತೂಕ ತೋರಿಸುತ್ತಾರಲ್ಲ, ಅಂಥದೇ ಸ್ಪ್ರಿಂಗ್ ತಕ್ಕಡಿ ಪುಟ್ಟ ಗಾತ್ರದಲ್ಲೂ ಸಿಗುತ್ತದೆ. ಗುರಿ ಸ್ಪರ್ಧೆಗೆಂದು ಕೊಂಡ ಹೊಸ .22 ರಿವಾಲ್ವರನ್ನು ಖಾಲಿ ಮಾಡಿ, ಖಾಲಿಯಾಗಿದೆಯೆಂದು ಎರಡು ಸಲ ನೋಡಿ, ಹುಸಿ ತೋಟಾ ಹಾಕಿ, ಆ ತಕ್ಕಡಿಯ ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ. ಮುಳ್ಳು ಒಂದನ್ನು ದಾಟುತ್ತದೆ, ಎರಡನ್ನು ದಾಟುತ್ತದೆ, ನಾಲ್ಕನ್ನೂ ದಾಟಿ ಐದು ಕಿಲೋ ಆಸುಪಾಸಿಗೆ ಬಂದಾಗ ‘ಟಕ್’ ಎಂದು ಬಡಿತ ಕೇಳುತ್ತದೆ. ಈಗ ಹಿಂಬದಿಯ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆಳೆದು ನಿಲ್ಲಿಸಿ ಮತ್ತೆ ಅಳೆಯಿರಿ. ಈ ಸಲ ಒಂದೂವರೆ ಕಿಲೋಗೇ ಬಡಿತ ಕೇಳಬಹುದು.

ಮೂರನೆಯದಾಗಿ ರಿವಾಲ್ವರನ್ನೇ ತೂಗಿ ನೋಡಿ. ಆರಿಂಚು ನಳಿಗೆಯ ಉಕ್ಕಿನ ರಿವಾಲ್ವರು ಒಂದು ಕಿಲೋ ಇನ್ನೂರು ಗ್ರಾಂ ಆಸುಪಾಸು ಬರುತ್ತದೆ.

ಸಮಸ್ಯೆಯೆಲ್ಲ ಈ ಮೂರು ಅಂಕಿಗಳಲ್ಲಿದೆ. ಒಂದು ವಸ್ತುವನ್ನು ಅದರ ತೂಕದ ನಾಲ್ಕು ಪಟ್ಟು ಬಲ ಹಾಕಿ ಎಳೆಯಬೇಕು, ಆದರೆ ಆ ವಸ್ತು ಕೂದಲೆಳೆಯಷ್ಟೂ ಕದಲಬಾರದು. ಹೊಸ ರಿವಾಲ್ವರಿನ ಮಾಲೀಕ ಮೊದಲ ದಿನವೇ ‘ಟ್ರಿಗರ್ ಬಹಳ ಬಿಗಿ’ ಎಂದು ಗೊಣಗುವುದು ಇದಕ್ಕೇ. ಅವನು ಬಲಗೈಯವನಾದರೆ ಗುಂಡುಗಳು ಗುರಿಯ ಎಡಕ್ಕೆ, ಕೆಳಕ್ಕೆ ಹೋಗಿ ಗುಂಪುಗೂಡಿರುವುದೂ ಸಾಮಾನ್ಯ. ದೂರು ನಿಜವೇ. ಆದರೆ ಅಪರಾಧಿ ಯಾರು? ಸ್ಪ್ರಿಂಗೋ, ಉಕ್ಕಿನ ಒರಟೋ, ಬೆರಳೋ? ಇವನ್ನು ಒಂದೊಂದಾಗಿ ವಿಚಾರಣೆಗೆ ಕರೆಯೋಣ.

ಎರಡು ಹಾಳೆ ಕಾಗದದ ದಪ್ಪ

ಮೊದಲು ತಪ್ಪಿಗೆ ಎಷ್ಟು ಜಾಗವಿದೆಯೆಂದು ಲೆಕ್ಕ ಹಾಕೋಣ. ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿ ಒಂದು ಕಡ್ಡಿ, ಹಿಂಬದಿಯಲ್ಲಿ ಒಂದು ಸೀಳು ಇರುತ್ತದೆ. ಆರಿಂಚಿನ ನಳಿಗೆಯಲ್ಲಿ ಇವೆರಡರ ನಡುವಿನ ದೂರ ಸುಮಾರು 20 ಸೆಂಟಿಮೀಟರ್. ಗುರಿಹಲಗೆ ಇರುವುದು 25 ಮೀಟರ್ ಆಚೆ, ಅಂದರೆ 125 ಪಟ್ಟು ದೂರದಲ್ಲಿ. ಹಾಗಾಗಿ ಕೈಯಲ್ಲಿ ಆದ ತಪ್ಪು ಹಲಗೆ ಮುಟ್ಟುವ ಹೊತ್ತಿಗೆ 125 ಪಟ್ಟು ಬೆಳೆದಿರುತ್ತದೆ. ಮುಂದಿನ ಕಡ್ಡಿ ಒಂದು ಮಿಲಿಮೀಟರ್ ಸರಿದರೆ ಗುಂಡು ಹನ್ನೆರಡೂವರೆ ಸೆಂಟಿಮೀಟರ್ ಆಚೆ ಬೀಳುತ್ತದೆ.

ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ 25 ಮೀಟರ್ ನಿಖರತೆಯ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿಲಿಮೀಟರ್. ಮುಂದಿನ ಪ್ರತಿ ವೃತ್ತವೂ ವ್ಯಾಸದಲ್ಲಿ 50 ಮಿಲಿಮೀಟರ್ ದೊಡ್ಡದು. ನಟ್ಟನಡುವೆ ಬೀಳಬೇಕಾಗಿದ್ದ ಗುಂಡು ಒಂದು ಮಿಲಿಮೀಟರಿನ ತಪ್ಪಿಗೆ ಆರು ಅಂಕದ ಗೆರೆಗೆ ಜಾರುತ್ತದೆ. ಹತ್ತರೊಳಗೇ ಉಳಿಯಬೇಕೆಂದರೆ ಕಡ್ಡಿ 0.2 ಮಿಲಿಮೀಟರಿಗಿಂತ ಹೆಚ್ಚು ಸರಿಯಬಾರದು. ಮಕ್ಕಳ ನೋಟ್‌ಬುಕ್ಕಿನ ಎರಡು ಹಾಳೆ ಸೇರಿಸಿ ಹಿಡಿದರೆ ಹೆಚ್ಚುಕಡಿಮೆ ಅಷ್ಟು ದಪ್ಪ.

ಇನ್ನು ಬಲದ ದಿಕ್ಕು. ಬೆರಳು ಟ್ರಿಗರನ್ನು ನೇರ ಹಿಂದಕ್ಕೆ ಎಳೆಯಬೇಕು. ಗಡಿಯಾರದಲ್ಲಿ ಒಂದು ನಿಮಿಷದ ಗೆರೆಯಿಂದ ಮುಂದಿನ ಗೆರೆಗೆ ಇರುವ ಕೋನ 6 ಡಿಗ್ರಿ. ಎಳೆತ ಅಷ್ಟೇ ಓರೆಯಾದರೂ ಬಲದ ಹತ್ತನೇ ಒಂದು ಭಾಗ ಪಕ್ಕಕ್ಕೆ ತಳ್ಳುತ್ತದೆ ಎನ್ನುತ್ತದೆ ತ್ರಿಕೋನಮಿತಿ. ಟ್ರಿಗರಿನ ಬಲ ಒಂದು ಕಿಲೋ ಇದ್ದರೆ ಪಕ್ಕದ ತಳ್ಳಾಟ ನೂರು ಗ್ರಾಂ. ಕೈ ಅದನ್ನು ತಡೆದುಕೊಳ್ಳಬಲ್ಲದು. ಬಲ ಐದು ಕಿಲೋ ಆದರೆ ಪಕ್ಕಕ್ಕೆ ಅರ್ಧ ಕಿಲೋ. ಚಾಚಿದ ತೋಳಿನ ತುದಿಯಲ್ಲಿರುವ ಉಪಕರಣಕ್ಕೆ ಯಾರೋ ಅರ್ಧ ಲೀಟರ್ ಹಾಲಿನ ಪಾಕೆಟ್ಟಿನಷ್ಟು ಭಾರದಿಂದ ಪಕ್ಕಕ್ಕೆ ತಳ್ಳಿದಂತೆ. ಎಡಕ್ಕೆ ಬಿದ್ದ ಗುಂಡಿಗೆ ಒಂದು ಕಾರಣ ಇಲ್ಲೇ ಸಿಕ್ಕಿತು.

ಕುದುರೆ ಏರುವ ದಾರಿ

ಇಷ್ಟು ಭಾರ ಯಾಕೆ ಬೇಕಿತ್ತು? ಹಳೆಯ ಕೋವಿಗಳ ಕಾಲದಿಂದಲೂ ಕನ್ನಡದಲ್ಲಿ ಕೇಪಿನ ಮೇಲೆ ಬಡಿಯುವ ಸುತ್ತಿಗೆಗೆ ‘ಕುದುರೆ’ ಎಂಬ ಹೆಸರಿದೆ. 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸ್ಯಾಮ್ಯುಯೆಲ್ ಕೋಲ್ಟ್‌ನ ರಿವಾಲ್ವರಿನಲ್ಲಿ ಕುದುರೆಯನ್ನು ಪ್ರತಿ ಸಲವೂ ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕಿತ್ತು. ಟ್ರಿಗರಿನ ಕೆಲಸ ಅದನ್ನು ಬಿಡುಗಡೆ ಮಾಡುವುದಷ್ಟೇ. ಇದು ಸಿಂಗಲ್ ಆಕ್ಷನ್. 1851ರಲ್ಲಿ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ಇನ್ನೊಂದು ದಾರಿ ಹಿಡಿದ. ಟ್ರಿಗರನ್ನು ಎಳೆದರೆ ಸಾಕು, ಕುದುರೆ ತಾನೇ ಹಿಂದಕ್ಕೆ ಏರಿ ತಾನೇ ಬಡಿಯುವಂತೆ ಮಾಡಿದ. ವೇಗ ಸಿಕ್ಕಿತು, ಬೆರಳಿಗೆ ಭಾರ ಬಿತ್ತು. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಫ್ರೆಡರಿಕ್ ಬ್ಯೂಮಾಂಟ್ ಎರಡೂ ದಾರಿಗಳನ್ನು ಒಂದೇ ಯಂತ್ರದಲ್ಲಿ ಕೂಡಿಸಿದ. ಇಂದಿನ ಬಹುಪಾಲು ರಿವಾಲ್ವರುಗಳಲ್ಲಿರುವ ಡಬಲ್ ಆಕ್ಷನ್ ಅದೇ ವಂಶದ್ದು.

ಡಬಲ್ ಆಕ್ಷನ್‌ನಲ್ಲಿ ಒಂದು ಬೆರಳು ಒಟ್ಟಿಗೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ಕುದುರೆಯ ಹಿಂದಿರುವ ಮುಖ್ಯ ಸ್ಪ್ರಿಂಗನ್ನು ಅದುಮಬೇಕು. ಟ್ರಿಗರನ್ನು ಮುಂದಕ್ಕೆ ವಾಪಸು ತರುವ ಇನ್ನೊಂದು ಸ್ಪ್ರಿಂಗನ್ನೂ ಅದುಮಬೇಕು. ಸಿಲಿಂಡರಿನ ಬೀಗವನ್ನು ತೆಗೆದು, ಅದನ್ನು ಒಂದು ಮನೆ ತಿರುಗಿಸಿ, ಹೊಸ ತೋಟಾ ನಳಿಗೆಗೆ ನೇರ ಬಂದ ಕೂಡಲೇ ಮತ್ತೆ ಬೀಗ ಬೀಳಿಸಬೇಕು. ಕೊನೆಗೆ ಕುದುರೆಯನ್ನು ಸರಿಯಾದ ಕ್ಷಣದಲ್ಲಿ ಬಿಡಬೇಕು. ಇಷ್ಟೆಲ್ಲ ನಡೆಯುವುದು ಟ್ರಿಗರ್ ಒಂದೂವರೆ ಸೆಂಟಿಮೀಟರಿನಷ್ಟು ಸರಿಯುವುದರೊಳಗೆ. ಹೆಬ್ಬೆರಳು ಮೊದಲೇ ಕುದುರೆ ಏರಿಸಿಟ್ಟರೆ ತೋರುಬೆರಳಿಗೆ ಉಳಿಯುವುದು ಒಂದು ಸಣ್ಣ ಉಕ್ಕಿನ ಅಂಚನ್ನು ಇನ್ನೊಂದರಿಂದ ಜಾರಿಸುವ ಕೆಲಸ ಮಾತ್ರ. ಐದು ಮತ್ತು ಒಂದೂವರೆಯ ನಡುವಿನ ಅಂತರದ ಗುಟ್ಟು ಇಷ್ಟೇ.

ಹೀಗೆ ಕೂಡಿಟ್ಟ ಶಕ್ತಿ ಎಷ್ಟು? ದಾರಿಯುದ್ದಕ್ಕೂ ಸರಾಸರಿ ನಾಲ್ಕು ಕಿಲೋ, ಅಂದರೆ ಸುಮಾರು 40 ನ್ಯೂಟನ್ ಬಲ ಹಾಕಿ 15 ಮಿಲಿಮೀಟರ್ ಎಳೆದರೆ ಆದ ಕೆಲಸ 0.6 ಜೂಲ್. ನೂರು ಗ್ರಾಂ ಬಾಳೆಹಣ್ಣನ್ನು ನೆಲದಿಂದ ಮೊಣಕಾಲಿಗಿಂತ ತುಸು ಮೇಲಕ್ಕೆ ಎತ್ತಲು ಬೇಕಾದಷ್ಟು ಶಕ್ತಿ! ಕೆಲಸ ಅತ್ಯಲ್ಪ. ಆದರೆ ಅದನ್ನು ಒಂದೂವರೆ ಸೆಂಟಿಮೀಟರಿನ ಗಲ್ಲಿಯೊಳಗೆ ಮುಗಿಸಬೇಕಾದ್ದರಿಂದ ಬಲ ದೊಡ್ಡದಾಗುತ್ತದೆ. ಸನ್ನೆಗೋಲಿನ ಹಳೆಯ ನಿಯಮವೇ ಇದು: ದೂರ ಕಡಿಮೆಯಾದರೆ ಬಲ ಹೆಚ್ಚು ತೆರಬೇಕು.

ಗುರಿ ಸ್ಪರ್ಧೆಯಲ್ಲಿ ಬಹಳ ಕಾಣುವ .22ರಲ್ಲಿ ಇನ್ನೊಂದು ತೊಡಕಿದೆ. ದೊಡ್ಡ ಸೆಂಟರ್‌ಫೈರ್ ತೋಟಾಗಳಲ್ಲಿ ಹಿಂಬದಿಯ ನಡುವೆ ತೆಳುವಾದ ಕೇಪು ಇರುತ್ತದೆ, ಕುದುರೆಯ ಏಟನ್ನು ಮುಟ್ಟಿಸುವ ಪಿನ್ನು ಅದನ್ನು ಸುಲಭವಾಗಿ ಒಳಕ್ಕೆ ತಗ್ಗಿಸುತ್ತದೆ. .22 ರಿಮ್‌ಫೈರ್ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಅಡಿಯ ಮಡಿಕೆಯ ಸುತ್ತ ಅಡಗಿರುತ್ತದೆ. ಹಿತ್ತಾಳೆಯ ಆ ಮಡಿಕೆಯನ್ನೇ ಜಜ್ಜಬೇಕು. ಅದಕ್ಕೆ ಬಲವಾದ ಏಟು ಬೇಕು, ಬಲವಾದ ಏಟಿಗೆ ಬಲವಾದ ಸ್ಪ್ರಿಂಗ್ ಬೇಕು. ಹೀಗಾಗಿ ಗುಂಡು ಚಿಕ್ಕದಾದರೂ .22 ರಿವಾಲ್ವರಿನ ಟ್ರಿಗರು ಅದೇ ಗಾತ್ರದ .38ಕ್ಕಿಂತ ಬಿಗಿಯಾಗಿರುವುದು ಸಾಮಾನ್ಯ. ಹೊಸಬರಿಗೆ ಇದು ವಿಚಿತ್ರವೆನಿಸುತ್ತದೆ, ತಯಾರಕನ ಕಡೆಯಿಂದ ನೋಡಿದರೆ ಅನಿವಾರ್ಯ.

ಹಳೇ ಗೇಟಿನ ಪಾಠ

ಸ್ಪ್ರಿಂಗಿನದು ಪ್ರಾಮಾಣಿಕ ಸ್ವಭಾವ. ಎಷ್ಟು ಅದುಮುತ್ತೀರೋ ಅಷ್ಟಕ್ಕೆ ತಕ್ಕಂತೆ ಎದುರು ತಳ್ಳುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ್ದ. ಅದು ಬೆರಳಿಗೆ ಮೋಸ ಮಾಡುವುದಿಲ್ಲ. ಮೋಸ ಮಾಡುವುದು ಘರ್ಷಣೆ.

ತುಕ್ಕು ಹಿಡಿದ ಗೇಟನ್ನು ತಳ್ಳಿದ ಅನುಭವ ಎಲ್ಲರಿಗೂ ಇದೆ. ಮೊದಲು ಜಗ್ಗುವುದಿಲ್ಲ, ಇನ್ನಷ್ಟು ಬಲ ಹಾಕುತ್ತೀರಿ, ಒಮ್ಮೆಲೇ ಹೊರಳಿ ನಿಮ್ಮನ್ನೂ ಮುಂದಕ್ಕೆ ಎಳೆದುಕೊಳ್ಳುತ್ತದೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಕದಲಿದ್ದನ್ನು ಓಡಿಸಲು ಬೇಕಾದ ಬಲಕ್ಕಿಂತ ಹೆಚ್ಚು. ಬೆರಳು ದೊಡ್ಡ ಬಲಕ್ಕೆ ತಯಾರಾಗಿ ನಿಂತಿರುವಾಗ ಎದುರಾಳಿ ತಟ್ಟನೆ ಸೋತರೆ, ಉಳಿದ ಬಲವೆಲ್ಲ ರಿವಾಲ್ವರನ್ನು ಅಲುಗಿಸಲು ಖರ್ಚಾಗುತ್ತದೆ. ಹೊಸ ರಿವಾಲ್ವರಿನ ಎಳೆತದಲ್ಲಿ ಇಂಥ ಪುಟ್ಟ ಗೇಟುಗಳು ಹಲವು. ಅಂಗೈಯಲ್ಲಿ ಅವು ಮರಳು ಅರೆದಂತೆ ತಿಳಿಯುತ್ತವೆ.

ಘರ್ಷಣೆ ಒತ್ತುವ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು ಫ್ರಾನ್ಸಿನ ಗಿಯೋಮ್ ಅಮಾಂಟನ್ 1699ರಲ್ಲಿ ಹೇಳಿದ. ಯಾಕೆ ಎಂಬುದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ, ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ಅವರಿಂದ. ಕನ್ನಡಿಯಂತೆ ಹೊಳೆಯುವ ಲೋಹದ ಮೇಲ್ಮೈಯೂ ಹತ್ತಿರದಿಂದ ಬೆಟ್ಟಸಾಲೇ. ಎರಡು ಮೇಲ್ಮೈಗಳು ನಿಜವಾಗಿ ತಾಗುವುದು ಆ ಬೆಟ್ಟಗಳ ತುದಿಗಳಲ್ಲಿ ಮಾತ್ರ. ಭಾರ ಹೆಚ್ಚಿದಷ್ಟೂ ಹೆಚ್ಚು ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಕಾರ್ಖಾನೆಯಿಂದ ಬಂದ ಹೊಸ ಭಾಗಗಳಲ್ಲಿ ಈ ತುದಿಗಳು ಚೂಪಾಗಿರುತ್ತವೆ. ಯಂತ್ರ ಕೊರೆದ ಗೆರೆಗಳು, ಅಂಚುಗಳಲ್ಲಿ ಉಳಿದ ಉಕ್ಕಿನ ಸಣ್ಣ ಮುಳ್ಳುಗಳು, ತುಕ್ಕು ಬಾರದಿರಲೆಂದು ಹಚ್ಚಿದ ದಪ್ಪ ಎಣ್ಣೆ, ಎಲ್ಲವೂ ಸೇರುತ್ತವೆ. ಹೊಸ ಸ್ಕೂಟರಿಗೆ ಮೊದಲ ಕೆಲವು ನೂರು ಕಿಲೋಮೀಟರ್ ಹದವಾಗಿ ಓಡಿಸಿ ಎಂದು ಮೆಕ್ಯಾನಿಕ್ ಹೇಳುತ್ತಾನಲ್ಲ, ಇಲ್ಲೂ ಅದೇ. ಬಳಸುತ್ತ ಹೋದಂತೆ ತುದಿಗಳು ಸವೆದು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆಗ ತಕ್ಕಡಿಯಲ್ಲಿ ಕಾಣುವ ಅಂಕಿ ಅಷ್ಟೇನೂ ಇಳಿಯದಿರಬಹುದು. ಸ್ಪ್ರಿಂಗು ಅದೇ ತಾನೆ? ಆದರೆ ಎಳೆತ ನುಣುಪಾಗುತ್ತದೆ, ಕೈಗೆ ಅದು ಹಗುರವಾದಂತೆಯೇ ತೋರುತ್ತದೆ. ಅನುಭವಿ ಶೂಟರುಗಳು ನಾಲ್ಕು ಕಿಲೋದ ಒರಟು ಟ್ರಿಗರಿಗಿಂತ ಐದು ಕಿಲೋದ ನುಣುಪಾದ ಟ್ರಿಗರನ್ನು ಮೆಚ್ಚುವುದಕ್ಕೆ ಭೌತವಿಜ್ಞಾನದ ಬೆಂಬಲವಿದೆ.

ಬೆರಳಿನಲ್ಲಿಲ್ಲದ ಸ್ನಾಯು

ಈಗ ಮೂರನೆಯ ಆರೋಪಿ. ತೋರುಬೆರಳನ್ನು ಬಲವಾಗಿ ಮಡಿಸುತ್ತ ಇನ್ನೊಂದು ಕೈಯಿಂದ ಮೊಣಕೈ ಕೆಳಗಿನ ಭಾಗವನ್ನು ಮುಟ್ಟಿ ನೋಡಿ. ಒಳಗೆ ಏನೋ ಉಬ್ಬುತ್ತದೆ. ಬೆರಳ ತುದಿಯನ್ನು ಮಡಿಸುವ ಸ್ನಾಯುಗಳು ಇರುವುದು ಅಲ್ಲಿ. ಬೆರಳಿಗೆ ಬರುವುದು ಅವುಗಳ ಹಗ್ಗಗಳು ಮಾತ್ರ, ಸೂತ್ರದ ಗೊಂಬೆಯಾಟದಂತೆ. ಅಕ್ಕಪಕ್ಕದ ಬೆರಳುಗಳ ಸೂತ್ರಗಳೂ ಅದೇ ಸ್ನಾಯುಗುಂಪಿನಿಂದ ಹೊರಡುತ್ತವೆ, ಅವನ್ನು ಆಳುವ ನರಗಳ ಆದೇಶವೂ ಪೂರ್ತಿ ಬೇರೆಬೇರೆಯಾಗಿಲ್ಲ. ಅನುಮಾನವಿದ್ದರೆ ಒಂದು ಹಾಲಿನ ಪಾಕೆಟ್ ಹಿಡಿದು ತೋರುಬೆರಳೊಂದನ್ನೇ ಬಿಗಿಯಾಗಿ ಮಡಿಸಲು ನೋಡಿ. ಉಳಿದ ಬೆರಳುಗಳೂ ಪಾಕೆಟ್ಟನ್ನು ಹಿಂಡುತ್ತವೆ. ತೋರುಬೆರಳಿನ ಬಲ ಹೆಚ್ಚಿದಷ್ಟೂ ಈ ಹಿಂಡುವಿಕೆ ಹೆಚ್ಚು. ರಿವಾಲ್ವರಿನ ಹಿಡಿಯನ್ನು ಕೆಳಗಿನ ಮೂರು ಬೆರಳು ಹಿಂಡಿದರೆ ನಳಿಗೆ ಕೆಳಕ್ಕೆ ಬಾಗುತ್ತದೆ. ಕೆಳಕ್ಕೆ ಬಿದ್ದ ಗುಂಡಿಗೂ ಕಾರಣ ಸಿಕ್ಕಿತು.

ಎರಡನೆಯದು ನಡುಕ. ಸ್ನಾಯುವಿಗೆ ಮಿದುಳು ಕಳುಹಿಸುವ ಆದೇಶ ಎಂದೂ ಪರಿಶುದ್ಧವಲ್ಲ, ರೇಡಿಯೋದಲ್ಲಿ ಕೇಳುವ ಗೊರಗೊರದಂತೆ ಅದರಲ್ಲೂ ಗದ್ದಲವಿದೆ. ಆದೇಶ ದೊಡ್ಡದಾದಷ್ಟೂ ಗದ್ದಲವೂ ದೊಡ್ಡದು ಎಂಬ ವಿಚಾರವನ್ನು ಆಧಾರವಾಗಿಟ್ಟು ಕ್ರಿಸ್ಟೊಫರ್ ಹ್ಯಾರಿಸ್ ಮತ್ತು ಡೇನಿಯಲ್ ವೋಲ್ಪರ್ಟ್ 1998ರಲ್ಲಿ ನಮ್ಮ ಚಲನೆಗಳ ರೂಪವನ್ನೇ ವಿವರಿಸಿದರು. ಟ್ರಿಗರಿಗೆ ಇದು ನೇರ ಅನ್ವಯಿಸುತ್ತದೆ. ಐದು ಕಿಲೋ ಎಳೆಯುವ ಬೆರಳು ಒಂದು ಕಿಲೋ ಎಳೆಯುವ ಬೆರಳಿಗಿಂತ ಹೆಚ್ಚು ತಡವರಿಸುತ್ತದೆ.

ಮೂರನೆಯದು ಇನ್ನೂ ಸೂಕ್ಷ್ಮ. ಖಾಲಿ ಚೀಲಕ್ಕೆ ಒಂದು ನಿಂಬೆಹಣ್ಣು ಹಾಕಿದರೆ ಕೈಗೆ ತಿಳಿಯುತ್ತದೆ. ಐದು ಕಿಲೋ ಅಕ್ಕಿಯ ಚೀಲಕ್ಕೆ ಅದೇ ನಿಂಬೆಹಣ್ಣು ಹಾಕಿದರೆ ತಿಳಿಯುವುದಿಲ್ಲ. ಗುರುತಿಸಬಲ್ಲ ವ್ಯತ್ಯಾಸ ಮೂಲ ಭಾರಕ್ಕೆ ಅನುಪಾತದಲ್ಲಿರುತ್ತದೆ ಎಂದು ಜರ್ಮನಿಯ ಅರ್ನ್ಸ್ಟ್ ವೇಬರ್ 1834ರಲ್ಲಿ ತೋರಿಸಿದ್ದ. ಬಿಗಿ ಟ್ರಿಗರಿನಲ್ಲಿ ತಪ್ಪುಗಳು ದೊಡ್ಡವು, ಆದರೆ ಅವನ್ನು ಗುರುತಿಸುವ ಸ್ಪರ್ಶ ಮಂದ. ತಪ್ಪು ಮಾಡಿದ್ದೇ ಗೊತ್ತಾಗದವನು ತಿದ್ದಿಕೊಳ್ಳುವುದು ಹೇಗೆ?

ಸ್ಪ್ರಿಂಗ್ ಕತ್ತರಿಸುವ ಮೊದಲು

ಸುಲಭದ ದಾರಿ ಎಲ್ಲರಿಗೂ ಹೊಳೆಯುತ್ತದೆ: ಸ್ಪ್ರಿಂಗ್ ಹಗುರ ಮಾಡಿಬಿಡೋಣ. ಆದರೆ ಮುಖ್ಯ ಸ್ಪ್ರಿಂಗಿನ ಬಲ ಇಳಿದರೆ ಕುದುರೆಯ ಏಟೂ ಇಳಿಯುತ್ತದೆ. ರಿಮ್‌ಫೈರ್ ತೋಟಾಗಳು ಒಂದಿಷ್ಟು ಹಾರುತ್ತವೆ, ಒಂದಿಷ್ಟು ಹಾರುವುದಿಲ್ಲ. ಹಾರದ ತೋಟಾ ತಡವಾಗಿ ಹಾರುವ ಅಪಾಯವೂ ಇದೆ, ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಹಿಂದಿರುಗಿಸುವ ಸ್ಪ್ರಿಂಗನ್ನು ಮೊಟಕು ಮಾಡಿದರೆ ಟ್ರಿಗರ್ ಅರ್ಧಕ್ಕೇ ನಿಂತುಬಿಡುತ್ತದೆ. ಕುದುರೆ ನಿಲ್ಲುವ ಅಂಚನ್ನು ಅರದಿಂದ ಉಜ್ಜಿದರೆ ಅದು ಸಣ್ಣ ಅಲುಗಾಟಕ್ಕೇ ಜಾರಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕೆಯೊಂದರ ಉಕ್ಕಿನ ಅಟ್ಟದ ಮೇಲೆ ಬಿದ್ದ ರಿವಾಲ್ವರು ತಾನಾಗಿ ಹಾರಿ ನಾವಿಕನೊಬ್ಬ ಸತ್ತ. ಅದಾದ ಮೇಲೆ ತಯಾರಕರು ಕುದುರೆಗೆ ಅಡ್ಡಬರುವ ಸುರಕ್ಷಾ ಪಟ್ಟಿಯ ವಿನ್ಯಾಸವನ್ನೇ ಬದಲಾಯಿಸಿದರು. ಅಡುಗೆಮನೆಯ ಮೇಜಿನ ಮೇಲೆ ಇಂಥದ್ದನ್ನೆಲ್ಲ ಬಿಚ್ಚಿ ಕೂರಬಾರದು. ನಮ್ಮ ದೇಶದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕು ದುರಸ್ತಿಯ ಕಸುಬಿಗೂ ಪರವಾನಗಿ ಬೇಕು.

ಸ್ಪರ್ಧೆಯ ನಿಯಮಗಳೂ ಹಗುರಕ್ಕೆ ಮಿತಿ ಹಾಕುತ್ತವೆ. 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲು ಮತ್ತು ಸೆಂಟರ್‌ಫೈರ್ ಸ್ಪರ್ಧೆಗಳಲ್ಲಿ ಟ್ರಿಗರಿನ ಬಲ ಕನಿಷ್ಠ ಒಂದು ಕಿಲೋ ಇರಲೇಬೇಕು, 10 ಮೀಟರ್ ಏರ್ ಪಿಸ್ತೂಲಿನಲ್ಲಿ ಅರ್ಧ ಕಿಲೋ. ತಪಾಸಣೆಯಲ್ಲಿ ನಳಿಗೆಯನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು ಟ್ರಿಗರಿನಿಂದಲೇ ತೂಕದ ಬಟ್ಟನ್ನು ಎತ್ತಿಸುತ್ತಾರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲಿನಲ್ಲಿ ಮಾತ್ರ ಕೆಳಮಿತಿಯೇ ಇರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ರಿವಾಲ್ವರನ್ನು ಕೈಪಿಡಿಯಲ್ಲಿ ಹೇಳಿದಂತೆ ಶುಚಿಮಾಡಿ ತೆಳುವಾಗಿ ಎಣ್ಣೆ ಬಿಡಿ. ಎರಡನೆಯದು ಹಿಡಿ. ಕೈಗೆ ದೊಡ್ಡದಾದ ಹಿಡಿಯಲ್ಲಿ ಬೆರಳು ಟ್ರಿಗರನ್ನು ಓರೆಯಾಗಿ ಮುಟ್ಟುತ್ತದೆ, ಆ 6 ಡಿಗ್ರಿಯ ತಪ್ಪು ಅಲ್ಲೇ ಹುಟ್ಟುತ್ತದೆ. ಮರದ ಹಿಡಿ ಬದಲಿಸುವುದು ಸ್ಪ್ರಿಂಗ್ ಬದಲಿಸುವುದಕ್ಕಿಂತ ಸುಲಭ, ಅಪಾಯವೂ ಇಲ್ಲ. ಮೂರನೆಯದು ಬೆರಳಿಡುವ ಜಾಗ. ಕುದುರೆ ಏರಿಸಿ ಹೊಡೆಯುವಾಗ ಬೆರಳ ತುದಿಯ ಮೆತ್ತನೆಯ ಭಾಗ ಸಾಕು. ಪೂರ್ತಿ ಎಳೆತಕ್ಕೆ ಮೊದಲ ಗೆಣ್ಣಿನ ಗೆರೆಯ ಹತ್ತಿರ ಇಟ್ಟರೆ ಬೆರಳಿಗೆ ಸನ್ನೆಯ ಅನುಕೂಲ ಸಿಗುತ್ತದೆ.

ಇನ್ನು ಮುಖ್ಯವಾದದ್ದು ಖಾಲಿ ಅಭ್ಯಾಸ. ಸಿಲಿಂಡರಿಗೆ ಹುಸಿ ತೋಟಾ ತುಂಬಿ, ಅಸಲಿ ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಸುರಕ್ಷಿತ ಗೋಡೆಯತ್ತ ಗುರಿಹಿಡಿದು ಟ್ರಿಗರನ್ನು ನಿಲ್ಲಿಸದೆ, ಎಳೆದಾಡದೆ, ಒಂದೇ ಹದದಲ್ಲಿ ಎಳೆಯುವುದು. .22ರಲ್ಲಿ ಹುಸಿ ತೋಟಾ ಇಲ್ಲದೆ ಬಡಿದರೆ ಕೆಲವು ಮಾದರಿಗಳಲ್ಲಿ ಪಿನ್ನು ಸಿಲಿಂಡರಿನ ಮನೆಯ ಅಂಚಿಗೆ ತಾಗಿ ಜಜ್ಜುತ್ತದೆ. ನಳಿಗೆಯ ಮೇಲೊಂದು ನಾಣ್ಯ ಇಟ್ಟು ನೋಡಿ, ಕುದುರೆ ಬಡಿದ ಮೇಲೂ ನಾಣ್ಯ ಕೂತಿದ್ದರೆ ಪಾಸು. ಇಲ್ಲಿ ಒಂದೇ ಕಲ್ಲಿಗೆ ಎರಡು ಹಣ್ಣು. ಪ್ರತಿ ಎಳೆತಕ್ಕೂ ಒಳಗಿನ ಉಕ್ಕಿನ ಬೆಟ್ಟಗಳು ಒಂದಿಷ್ಟು ಸವೆಯುತ್ತವೆ, ಮಿದುಳು ಒಂದಿಷ್ಟು ಕಲಿಯುತ್ತದೆ. ವ್ಯಾಯಾಮದ ಮೊದಲ ವಾರಗಳಲ್ಲಿ ಬಲ ಹೆಚ್ಚುವುದು ಸ್ನಾಯು ದಪ್ಪವಾಗಿ ಅಲ್ಲ, ನರಗಳು ಅದನ್ನು ಚೆನ್ನಾಗಿ ಬಳಸಲು ಕಲಿತು. ಬಲಿತ ಬೆರಳಿಗೆ ಐದು ಕಿಲೋ ಅದರ ಸಾಮರ್ಥ್ಯದ ಸಣ್ಣ ಪಾಲಾಗುತ್ತದೆ, ಗದ್ದಲವೂ ಇಳಿಯುತ್ತದೆ.

ಇದಕ್ಕೆ ಮಿತಿಯೆಲ್ಲಿ? ಅಮೆರಿಕದ ಮೊಂಟಾನಾದ ಎಡ್ ಮೆಕ್‌ಗಿವರ್ನ್ ಐವತ್ತು ದಾಟಿದ ಮೇಲೆ, 1932ರಲ್ಲಿ, ಡಬಲ್ ಆಕ್ಷನ್ ರಿವಾಲ್ವರಿನಿಂದ 0.45 ಸೆಕೆಂಡಿನಲ್ಲಿ ಐದು ಗುಂಡು ಹೊಡೆದ. 1999ರಲ್ಲಿ ಜೆರಿ ಮಿಕುಲೆಕ್ ಒಂದೇ ಸೆಕೆಂಡಿನಲ್ಲಿ ಎಂಟು ಗುಂಡುಗಳನ್ನು ಒಂದೇ ಗುರಿಗೆ ಹೊಡೆದ. ಪ್ರತಿ ಗುಂಡಿಗೂ ಅವರ ಬೆರಳು ಟ್ರಿಗರನ್ನು ಪೂರ್ತಿ ಎಳೆದು ಪೂರ್ತಿ ಬಿಟ್ಟಿದೆ.

ಅಭ್ಯಾಸ ಮಾಡಿ ಕೆಲವು ತಿಂಗಳಾದ ಮೇಲೂ ಎಳೆತ ಒರಟಾಗಿಯೇ ಇದ್ದರೆ ಪರವಾನಗಿ ಇರುವ, ಕೆಲಸ ಬಲ್ಲ ದುರಸ್ತಿಗಾರನ ಹತ್ತಿರ ಒಯ್ಯಿರಿ. ಅವನಿಗೆ ‘ಹಗುರ ಮಾಡಿ’ ಎನ್ನಬೇಡಿ, ‘ನುಣುಪು ಮಾಡಿ’ ಎನ್ನಿ. ಅಲ್ಲಿಯವರೆಗೆ ಹೊಸ ರಿವಾಲ್ವರಿನ ಜೊತೆ ಕೊಳ್ಳಬೇಕಾದದ್ದು ಹಗುರವಾದ ಸ್ಪ್ರಿಂಗಲ್ಲ, ಒಂದು ಡಬ್ಬಿ ಹುಸಿ ತೋಟಾ.